ಸಾಣೆ ಮಿಷನ್ನಿನ ಚಪ್ಪಲಿ

ಬೇಲೂರಿನಲ್ಲಿ ಅತ್ತೆಯ ಬೀದಿಗೆ ಬೆಳಿಗ್ಗೆ ಏಳಕ್ಕೆ ಹಾಡು ಹಾಕಿಕೊಂಡು ಕಸದ ಗಾಡಿ ಬರುತ್ತದೆ. ಒಂದು ದಿನ ಆ ಗಾಡಿಗೆ ನಾನು ಹಿಮ್ಮಡಿ ಸವೆದ ಒಂಟಿ ಹವಾಯಿ ಚಪ್ಪಲಿಯೊಂದನ್ನು ಹಾಕಲು ಹೋದೆ. ಹಸಿ ಕಸವೋ ಒಣ ಕಸವೋ ಎಂದು ಗಾಡಿಯವರು ಕೇಳಿದರು. "ಮೂಢನಂಬಿಕೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಅದನ್ನು ಒಣ ಕಸಕ್ಕೆ ಎಸೆದು ಮುಂದೆ ಹೋದರು. ಸಮಾಜ ಒಂದಿಷ್ಟು ಸ್ವಚ್ಛವಾಯಿತು ಎಂಬ ಖುಷಿಗೆ ಅಂದು ಎರಡು ಇಡ್ಲಿ ಹೆಚ್ಚಿಗೆ ತಿಂದೆ. ಆ ಖುಷಿ ನಾಲ್ಕು ದಿನ ಬಾಳಿತು.

ಅತ್ತೆ ಅಂದರೆ ಅಪ್ಪನ ಅಕ್ಕ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಅವಳ ಮನೆ, ಮನೆಯ ಮುಂದಿನ ಕೋಣೆಯೇ ಅವಳ ಸಾಣೆ ಅಂಗಡಿ. ಮಾವ ಇದ್ದಾಗ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಸೈಕಲ್ ಮಾರಿ, ಕರೆಂಟಿನಲ್ಲಿ ಓಡುವ ಸಾಣೆ ಮಿಷನ್ನು ತಂದು ತಾನೇ ಸ್ಟೂಲಿನ ಮೇಲೆ ಕೂತಳು. ಮೋಟಾರಿಗೆ ಸೇರಿದ ಎರಡು ಗಾಲಿ, ಅವುಗಳ ಮೇಲೆ ಬಿಗಿಯಾಗಿ ಓಡುವ ಒಂದು ಬೆಲ್ಟು, ಇಷ್ಟೇ ಮಿಷನ್ನು. ಬೆಲ್ಟಿನ ಹೊರಮೈ ತುಕ್ಕು ಉಜ್ಜುವ ಎಮರಿ ಕಾಗದದ ಹಾಗೆ ಒರಟು. ಬದಲಾಯಿಸಿ ಹಾಕುವ ಬೆಲ್ಟುಗಳಲ್ಲಿ ತೀರಾ ಒರಟಾದದ್ದು ಮಚ್ಚು, ಕುಡುಗೋಲಿಗೆ. ನಯವಾದದ್ದು ಅಡುಗೆಮನೆಯ ಚಾಕುವಿಗೆ, ಈಳಿಗೆಮಣೆಗೆ.

ಎದುರುಗಡೆ ಸೈಕಲ್ಲಿಗೂ ಮೊಪೆಡ್ಡಿಗೂ ಪಂಚರ್ ಹಾಕುವ ಅಂಗಡಿಯಿದೆ. ಅತ್ತೆ ಸ್ಟೂಲಿನ ಮೇಲೆ ಕೂತ ಮೊದಲ ದಿನವೇ ಅದರ ಯಜಮಾನ ತೀರ್ಪು ಕೊಟ್ಟಿದ್ದ. "ಮಿಷನ್ನು ಹೆಂಗಸಿನ ಕೈಗೆ ಒಗ್ಗಲ್ಲ ಕಣ್ರೀ. ಇವತ್ತಲ್ಲ ನಾಳೆ ಯಾರದ್ದಾದ್ರೂ ಚಾಕು ಉಜ್ಜಿ ಕಾಯ್ಸಿ ಸುಡ್ತಾಳೆ, ಅವತ್ತು ನನ್ನ ಮಾತು ನೆನೆಸ್ಕೊಳಿ." ಬೀದಿಯಲ್ಲಿ ಸುಮಾರು ಜನ ತಲೆಯಾಡಿಸಿದ್ದರು. ಮಚ್ಚು, ಚಾಕು ಹಿಡಿದು ಬಂದವರು ಒಳಗೆ ಹೆಂಗಸನ್ನು ಕಂಡು, ಯಾರನ್ನೋ ಹುಡುಕಿಕೊಂಡು ಬಂದವರಂತೆ ಅತ್ತಿತ್ತ ನೋಡಿ ವಾಪಸು ಹೋಗುತ್ತಿದ್ದರು. ಹದಿನೈದು ದಿನ ಹಾಗೆ ಕಳೆದ ಮೇಲೆ ಹಗರೆಯ ಅಡುಗೆಯಣ್ಣ ಬಂದ. ಮದುವೆ ಮನೆಗಳ ಅಡುಗೆ ಹಿಡಿಯುವ ಆಳು. ಪಂಚೆಯಲ್ಲಿ ಸುತ್ತಿ ತಂದ ಚಾಕುಗಳನ್ನೆಲ್ಲ ಅತ್ತೆಯ ಮುಂದೆ ಹರಡಿ, "ಒಲೆ ಹೆಂಗಸು ಹಚ್ಚಿದ್ರೂ ಉರೀತೈತೆ, ಗಂಡಸು ಹಚ್ಚಿದ್ರೂ ಉರೀತೈತೆ. ಹಿಡಿಯಕ್ಕ ಸಾಣೆ" ಎಂದನಂತೆ. ಅವನು ಬಂದ ಮೇಲೆ ಉಳಿದವರೂ ಬಂದರು. ಅಲ್ಲಿಂದೀಚೆಗೆ ಅತ್ತೆಯ ಕೈಯಲ್ಲಿ ಒಂದು ಚಾಕುವೂ ಸುಟ್ಟಿರಲಿಲ್ಲ. ಎದುರು ಅಂಗಡಿಯವನು ಮಾತ್ರ ಕಾಯುವುದನ್ನು ಬಿಟ್ಟಿರಲಿಲ್ಲ.

ಇನ್ನು ನಾನು. ಅರಸೀಕೆರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು ಗೆದ್ದು ಅಮ್ಮನಿಗೆ ಅವುಗಳ ದೂಳು ಒರೆಸುವ ಕೆಲಸ ಕೊಟ್ಟವಳು. ನಮ್ಮದು ಬೌದ್ಧರ ಮನೆ. ನಮ್ಮಲ್ಲಿ ನಿಂಬೆಹಣ್ಣು ಅಂದರೆ ಪಾನಕಕ್ಕೆ, ಒಣಮೆಣಸಿನಕಾಯಿ ಅಂದರೆ ಸಾರಿಗೆ. ಎರಡನ್ನೂ ಸೇರಿಸಿ ಬಾಗಿಲಿಗೆ ಕಟ್ಟುವ ಪದ್ಧತಿಯಿಲ್ಲ. ಏನನ್ನು ಕೇಳಿದರೂ "ಯಾಕೆ ಅಂತ ಕೇಳು" ಎಂದು ಅಪ್ಪ ಹೇಳಿಕೊಟ್ಟಿದ್ದರು. ಆಮೇಲೆ ಅದಕ್ಕಾಗಿ ಅವರೇ ಎಷ್ಟೋ ಸಲ ಪಶ್ಚಾತ್ತಾಪ ಪಟ್ಟಿದ್ದೂ ಉಂಟು. ಬಿ.ಇಡಿ. ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದಾಗ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕೆಂದು ಗೊತ್ತಾಯಿತು. ಹಾಸನದಲ್ಲಿ ಆಪರೇಷನ್, ಆಮೇಲೆ ಹದಿನೈದು ದಿನ ದೂಳಿನ ಹತ್ತಿರ ಸುಳಿಯುವಂತಿಲ್ಲ. ರಜೆಗಳಲ್ಲಿ ಅವಳ ಪಕ್ಕ ಕೂತು ಚಾಕು ಹಿಡಿಯುವುದನ್ನು ಕಲಿತಿದ್ದ ನಾನು ಅಂಗಡಿ ನೋಡಿಕೊಳ್ಳಲು ಬೇಲೂರಿನ ಬಸ್ಸು ಹತ್ತಿದೆ.

ಚಾಕು ಹಿಡಿಯುವುದು ಬರುತ್ತಿತ್ತು, ನಿಜ. ಆದರೆ ಬೆಲ್ಟುಗಳ ಆರೈಕೆಯನ್ನು ಅತ್ತೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಆ ಕೆಲಸವೆಲ್ಲ ಮುಗಿದಿರುತ್ತಿತ್ತು. ಆಸ್ಪತ್ರೆಗೆ ಹೊರಡುವ ದಿನ ಅವಳು ಸೀರೆ ಉಟ್ಟು ತಯಾರಾಗಿ, ಕೈಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡೇ ನನಗೆ ಪಾಠ ಶುರು ಮಾಡಿದಳು.

"ಬೆಲ್ಟಿನ ಒಳಮೈಲಿ ಒಂದು ಬಾಣದ ಗುರುತೈತೆ ನೋಡು. ಗಾಲಿ ತಿರುಗೋ ಕಡೆಗೇ ಬಾಣ ಇರ್ಬೇಕು."

"ಉಲ್ಟಾ ಹಾಕಿದ್ರೆ ಏನಾಗುತ್ತೆ?"

"ಅಂಟಿಸಿರೋ ಜಾಗ ಬಿಟ್ಕೊಂಡು ಮುಖಕ್ಕೆ ಬಡೀತೈತೆ."

ಒಪ್ಪಿಕೊಂಡೆ. ಬೆಲ್ಟಿನ ಮೇಲೆ ಅಚ್ಚಾಗಿರುವ ಸಾಕ್ಷಿ, ಅಲ್ಲಗಳೆಯಲು ಬರುವುದಿಲ್ಲ.

"ಸಂಜೆ ಬಾಗಿಲು ಹಾಕೋವಾಗ ಈ ಹಿಡಿ ಸಡಿಲ ಮಾಡು. ರಾತ್ರಿಯೆಲ್ಲ ಬಿಗಿಯಾಗಿದ್ರೆ ಬೆಲ್ಟು ಸೊರಗ್ತೈತೆ."

"ಸೊರಗೋಕೆ ಅದೇನು ಹಸುನಾ ಅತ್ತೆ?"

"ನೀನು ಒಂದು ರಾತ್ರಿ ಜಡೆ ಬಿಗಿಯಾಗಿ ಹೆಣ್ಕೊಂಡು ಮಲ್ಗು. ಬೆಳಗ್ಗೆ ಹೇಳೀಯಂತೆ."

ಉಪಮಾನವೇ ಪುರಾವೆಯಾಗುವುದಿಲ್ಲ. ಆದರೂ ಸಂದೇಹದ ಲಾಭವನ್ನು ಅತ್ತೆಗೆ ಕೊಟ್ಟೆ.

"ಬೆಲ್ಟನ್ನ ಮೊಳೆಗೆ ನೇತಾಕ್ಬೇಡ, ಮಡಿಕೆ ಬಿದ್ದ ಕಡೆಯೇ ಸೀಳ್ತೈತೆ. ಗೋಡೇಲಿ ಪೈಪಿನ ತುಂಡು ಕೂರ್ಸಿದೀನಲ್ಲ, ಅದರ ಮೇಲೆ ಹಾಕು. ಥಂಡಿ ತಾಕಿಸ್ಬೇಡ. ಬಾಳೆದಿಂಡು ಹಲಸಿನಕಾಯಿ ಕುಯ್ದ ಚಾಕು ಬಂದ್ರೆ ಮೊದ್ಲು ಸೀಮೆಎಣ್ಣೆ ಬಟ್ಟೇಲಿ ಅಂಟು ಒರ್ಸು."

ಎಲ್ಲವನ್ನೂ ಒಪ್ಪಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಕೋಣೆ ಅರೆಗತ್ತಲಾಯಿತು. ಅತ್ತೆ ಬಗ್ಗಿ ಮಿಷನ್ನಿನ ಕಾಲಿಗೆ ದಾರದಲ್ಲಿ ಕಟ್ಟಿದ್ದ ಆ ಒಂಟಿ ಹವಾಯಿ ಚಪ್ಪಲಿಯನ್ನು ಬಿಚ್ಚಿದಳು. ನಿಂತಿದ್ದ ಮಿಷನ್ನಿನ ಮುಂದೆ ಅದನ್ನು ಎತ್ತಿ ಹಿಡಿದು, ಗಾಳಿಯಲ್ಲೇ ಮೇಲಿನಿಂದ ಕೆಳಕ್ಕೆ ಇಳಿಸುತ್ತ, "ಹಿಂಗೆ, ಹಿಂಗೆ, ಹಿಂಗೆ" ಎಂದು ಮೂರು ಸಲ ತೋರಿಸಿದಳು. "ದಿನಾ ಬೆಳಗ್ಗೆ ಮೂರು ಸಲ ಚಪ್ಪಲಿ ತೋರ್ಸು. ಬೇರೆ ಏನು ಮರೆತ್ರೂ ಇದನ್ನ ಮರೀಬೇಡ."

ಲಾರಿಯ ಹಿಂದೆ, ಕಟ್ಟುತ್ತಿರುವ ಮನೆಯ ಮುಂದೆ, ಹೊಸ ಟ್ರ್ಯಾಕ್ಟರಿನ ಬಂಪರಿಗೆ ಹಳೇ ಚಪ್ಪಲಿ ಯಾಕೆ ನೇತಾಡುತ್ತದೆಂದು ನಮ್ಮ ಕಡೆ ಸಣ್ಣ ಮಗುವಿಗೂ ಗೊತ್ತು. ಕೆಟ್ಟ ಕಣ್ಣು ತಾಕದಿರಲೆಂದು. ಎದುರು ಅಂಗಡಿಯವನೂ ತನ್ನ ಬಾಗಿಲ ಮೇಲೆ ಒಂದನ್ನು ಕಟ್ಟಿದ್ದ. ಹೋದ ರಜೆಯಲ್ಲಿ ನಾನು ಅದರ ಕೆಳಗೇ ನಿಂತು ಅವನಿಗೆ ಅರ್ಧ ಗಂಟೆ ವಿಚಾರವಾದ ಬೋಧಿಸಿದ್ದೆ. ಈಗ ನೋಡಿದರೆ ನಮ್ಮ ಅತ್ತೆ!

"ಅತ್ತೆ, ನೀನೂನಾ?"

"ಏನು ನಾನೂನಾ?"

"ಬುದ್ಧನ ಪಟದ ಕೆಳಗೇ ಇದನ್ನೆಲ್ಲ ಮಾಡ್ತೀಯಾ?"

"ಮತ್ತೆಲ್ಲಿ ಮಾಡ್ಲಿ? ಮಿಷನ್ನು ಇರೋದು ಇಲ್ಲೇ ಅಲ್ವಾ?"

"ಇದ್ರಿಂದ ಉಪಯೋಗ ಇದೆ ಅನ್ನೋಕೆ ಪ್ರೂಫ್ ಏನು?"

"ಮಾಡ್ದೆ ಇದ್ರೆ ಕೆಟ್ಟೋಗ್ತೈತೆ. ಅದೇ ಪ್ರೂಫು" ಎಂದವಳೇ ಬಾಗಿಲಿಗೆ ಬಂದ ಆಟೋ ಹತ್ತಿದಳು.

ಜಗತ್ತಿನ ಎಲ್ಲ ಮೂಢನಂಬಿಕೆಗಳೂ ಕೊಡುವುದು ಈ ಉತ್ತರವನ್ನೇ. ಇಂಥ ಉತ್ತರ ಕೊಟ್ಟವರನ್ನು ನಾನು ವೇದಿಕೆಯ ಮೇಲೆ ಅಳಿಸಿದ್ದೇನೆ. ಮಾರನೆಯ ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿಸಿತು. ಆಮೇಲಿನದನ್ನು ಮೊದಲೇ ಹೇಳಿದ್ದೇನೆ.

ಮೊದಲ ದಿನ ಚಪ್ಪಲಿಯಿಲ್ಲದೆ ಕೆಲಸ ಸುಸೂತ್ರವಾಗಿ ನಡೆಯಿತು. ನನ್ನ ಪ್ರಮೇಯ ಸಾಬೀತಾಯಿತೆಂದು ಬೀಗಿದೆ. ಒಂದು ದಿನದ ಅನುಭವದಿಂದ ಸಿದ್ಧಾಂತ ಕಟ್ಟುವವರನ್ನು ಗೇಲಿ ಮಾಡಿ ಎಷ್ಟು ಬಹುಮಾನ ಗೆದ್ದಿದ್ದೆನೋ, ಅದೊಂದೂ ಆಗ ನೆನಪಿಗೆ ಬರಲಿಲ್ಲ. ಎರಡನೆಯ ದಿನ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದು ಹಿಂದಿನ ಕೋಣೆ ಸೇರಿದಳು. ಮೂರನೆಯ ದಿನ ಬೆಲ್ಟು ಸೋಮಾರಿಯಾಯಿತು. ಚಾಕು ಹಿಡಿದರೆ ಕರಕರ ಎನ್ನುವ ಬದಲು ಸುಯ್ಯನೆ ಜಾರುತ್ತಿತ್ತು. ನಾನು ಗಟ್ಟಿಯಾಗಿ ಒತ್ತಿದೆ. ಬೆಲ್ಟಿನ ಕಂದು ಬಣ್ಣ ಹೋಗಿ, ಬೋಳುತಲೆಯ ಹಾಗೆ ಕಪ್ಪಗೆ ಹೊಳೆಯತೊಡಗಿತು. ಅದನ್ನು ತೆಗೆದು ಇನ್ನೊಂದು ಹಾಕಿದೆ. ಅದೂ ಹಾಗೇ ಆಯಿತು. ಮಗದೊಂದು. ಬೆಲ್ಟು ಕಳಪೆ ಎಂಬ ತೀರ್ಮಾನಕ್ಕೆ ಬಂದು, ಕಳಿಸಿಕೊಟ್ಟವರಿಗೆ ಆರು ಅಂಶಗಳ ಖಂಡನಾ ಪತ್ರವೊಂದನ್ನು ತಯಾರಿಸಿದೆ. ಭಾಷೆ ಬಹಳ ಚೆನ್ನಾಗಿತ್ತು.

ಹಿಂದಿನ ಕೋಣೆಯಿಂದ ಅತ್ತೆಯ ದನಿ ಬರುತ್ತಿತ್ತು. "ಸದ್ದು ಯಾಕೋ ಬೇರೆ ಥರಾ ಐತಲ್ಲೇ? ಚಪ್ಪಲಿ ತೋರಿಸ್ದಾ?"

ಉತ್ತರವಿಲ್ಲದ ಪ್ರಶ್ನೆಗೆ ಮರುಪ್ರಶ್ನೆ ಹಾಕಬೇಕೆಂಬುದು ಚರ್ಚೆಯ ಹಳೇ ಪಟ್ಟು. "ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ್ಯಾ?"

"ಅಯ್ಯೋ, ಮರ್ತೇಬಿಟ್ಟೆ ನೋಡು."

ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಯಣ್ಣ ಬಂದ. ಮಾರನೆಯ ದಿನ ಹಳೇಬೀಡಿನಲ್ಲಿ ಮದುವೆ, ಸಂಜೆಯೇ ಹೋಗಿ ತರಕಾರಿಗೆ ಕೂರಬೇಕು. ಹದಿನಾಲ್ಕು ಚಾಕುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟ. ಕೊನೆಯದು ಎಲ್ಲಕ್ಕಿಂತ ಹಳೆಯದು, ಸಾಣೆ ಹಿಡಿದು ಹಿಡಿದು ಹುಣಿಸೆಕಾಯಿಯಷ್ಟು ಸಣ್ಣಗಾಗಿತ್ತು.

"ಇದು ನಮ್ಮಪ್ಪನ ಕಾಲದ್ದು ಕಣವ್ವ. ಹುಷಾರು. ನಾಲ್ಕು ಗಂಟೆಗೆ ಬತ್ತೀನಿ" ಎಂದು, ಒಳಗಿದ್ದ ಅತ್ತೆಗೂ ಕೇಳುವಂತೆ, "ಅಕ್ಕೋ, ಕಣ್ಣು ಹೆಂಗೈತೆ? ಈಗ ನಾನು ಚೆಂದಾಗಿ ಕಾಣ್ತೀನಾ?" ಎಂದ.

"ಮೊದ್ಲೇ ವಾಸಿಯಾಗಿತ್ತು ಕಣಪ್ಪ, ಮಬ್ಬಾಗಿ ಕಾಣ್ತಿದ್ದೆ" ಎಂದಳು ಅತ್ತೆ.

ಅವನು ಹೋದ ಮೇಲೆ, ಉಳಿದಿದ್ದ ಕಡೆಯ ನಯ ಬೆಲ್ಟನ್ನು ಹಾಕಿದೆ. ಹಿಂದಿನ ದಿನ ಅರ್ಧ ಹೊತ್ತು ಓಡಿ ಅದೂ ಮಿನುಗುತ್ತಿತ್ತು. ಗೌರವದಿಂದ ಹಳೇ ಚಾಕುವಿನಿಂದಲೇ ಆರಂಭಿಸೋಣ ಎಂದುಕೊಂಡದ್ದು ನನ್ನ ಎರಡನೆಯ ತಪ್ಪು. ಹರಿತ ಬರಲಿಲ್ಲ. ಒತ್ತಿದೆ. ಇನ್ನೂ ಒತ್ತಿದೆ. ತುದಿಯಲ್ಲಿ ಒಂದು ಬಣ್ಣ ಎದ್ದಿತು. ಮೊದಲು ಜೇನಿನ ಬಣ್ಣ, ಆಮೇಲೆ ನೇರಳೆ, ಕಣ್ಣು ಮಿಟುಕಿಸುವಷ್ಟರಲ್ಲಿ ನವಿಲುಗರಿಯ ನೀಲಿ. ನೋಡಲು ಸುಂದರ. ಉಕ್ಕು ನೀಲಿಯಾಯಿತೆಂದರೆ ಅಲಗು ಮೆತ್ತಗಾಗಿ ಹರಿತ ನಿಲ್ಲದು ಎಂದು ಅತ್ತೆ ಮೊದಲ ರಜೆಯಲ್ಲೇ ಕಲಿಸಿದ್ದಳು.

ಇಷ್ಟು ವರ್ಷದಲ್ಲಿ ಆ ಅಂಗಡಿಯಲ್ಲಿ ಸುಟ್ಟ ಮೊದಲ ಚಾಕು. ಅದೂ ಅತ್ತೆಯನ್ನು ಮೊದಲು ನಂಬಿ ಬಂದವನದು. ಸುಟ್ಟದ್ದು ಹೆಂಗಸಿನ ಕೈ. ಎದುರು ಅಂಗಡಿಯವನ ತೀರ್ಪಿಗೆ ಬೇಕಾಗಿದ್ದ ಸಾಕ್ಷಿಯನ್ನು ನಾನೇ ಕೈಯಾರೆ ತಯಾರಿಸಿ ಹಿಡಿದುಕೊಂಡು ನಿಂತಿದ್ದೆ.

"ಕಬ್ಬಿಣ ಸೀದ ವಾಸ್ನೆ" ಎಂಬ ಮಾತು ಕೇಳಿ ತಿರುಗಿದರೆ, ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದಳು. ಕಪ್ಪು ಕನ್ನಡಕ, ಮೂಗಿಗೆ ಒದ್ದೆ ಟವೆಲು. "ಬೆಲ್ಟು ತೋರ್ಸು." ತೋರಿಸಿದೆ. "ಇದರ ಹಲ್ಲಿಗೆಲ್ಲ ಕಬ್ಬಿಣದ ಪುಡಿ, ಅಂಟು ತುಂಬ್ಕೊಂಡೈತೆ. ತುಂಬಿದ್ಮೇಲೆ ಕುಯ್ಯಲ್ಲ, ಬರೀ ಉಜ್ಜಿ ಕಾಯ್ಸ್ತೈತೆ. ಚಪ್ಪಲಿ ಎಲ್ಲಿ?"

"ಕಸದ ಗಾಡಿಗೆ ಹಾಕ್ದೆ."

"ಯಾಕೆ?"

"ದೃಷ್ಟಿಗೆ ಕಟ್ಟಿದ್ದೀಯ ಅಂದ್ಕೊಂಡೆ."

ಬೈಗುಳಕ್ಕೆ ತಯಾರಾಗಿ ನಿಂತೆ. ಬಂದದ್ದು ಬೈಗುಳವಲ್ಲ. ಟವೆಲಿನೊಳಗೆ ಏನೋ ಗುಳುಗುಳು ಎಂದಿತು, ಆಮೇಲೆ ಹೆಗಲು ಕುಣಿಯತೊಡಗಿತು. "ಅಯ್ಯಯ್ಯೋ, ಕಣ್ಣು! ನಗ್ಸಬೇಡ ಕಣೇ. ಡಾಕ್ಟ್ರು ಬಗ್ಬೇಡಿ, ಕೆಮ್ಬೇಡಿ ಅಂದವ್ರೆ, ನಗ್ಬೇಡಿ ಅನ್ನೋದೊಂದು ಅವ್ರಿಗೂ ಹೊಳೀಲಿಲ್ಲ. ದೃಷ್ಟಿಗಂತೆ! ರಬ್ಬರು ಕಣೇ ಅದು. ಓಡೋ ಬೆಲ್ಟಿಗೆ ಹಿಡಿದ್ರೆ ಕೊಳೇನೆಲ್ಲ ಅಂಟಿಸ್ಕೊಂಡು ಉದುರ್ತೈತೆ. ನೀನು ರಬ್ಬರಲ್ಲಿ ನೋಟ್‌ಬುಕ್ಕು ಅಳಿಸಿದ್ದೇ ಇಲ್ವಾ?"

"ನೀನು ಗಾಳೀಲಿ ತೋರ್ಸಿದ್ಯಲ್ಲತ್ತೆ!"

"ಕರೆಂಟು ಇಲ್ದಾಗ ಇನ್ನೆಲ್ಲಿ ತೋರಿಸ್ಲಿ?"



ನನ್ನ ಕಾಲಿನ ಚಪ್ಪಲಿ ಬಿಚ್ಚಿ ಕೊಟ್ಟೆ. ಅತ್ತೆ ಬೆರಳಲ್ಲಿ ಒತ್ತಿ ನೋಡಿ ವಾಪಸು ಕೊಟ್ಟಳು. "ಇದು ಸ್ಪಂಜು. ಬಿಸಿಗೆ ಕರಗಿ ಬೆಲ್ಟಿಗೇ ಅಂಟ್ಕೊಂತೈತೆ. ಹಳೇ ಹವಾಯಿನೇ ಬೇಕು, ಸವೆದಿರೋದು." ಈಗಿನ ಕಾಲದಲ್ಲಿ ಸವೆಯುವ ತನಕ ಚಪ್ಪಲಿ ಇಟ್ಟುಕೊಳ್ಳುವವರು ಯಾರಿದ್ದಾರೆ ಎಂದು ಬಾಗಿಲಿಗೆ ಬಂದು ಬೀದಿಯ ಆ ತುದಿ ಈ ತುದಿ ನೋಡಿದೆ. ಆಮೇಲೆ ನೇರ ಎದುರಿಗೆ ನೋಡಿದೆ. ಪಂಚರ್ ಅಂಗಡಿಯ ಬಾಗಿಲ ಮೇಲೆ, ಬಿಸಿಲಿಗೆ ಬಿಳಿಚಿಕೊಂಡು, ಅಪ್ಪಟ ಹವಾಯಿ ಚಪ್ಪಲಿಯೊಂದು ನೇತಾಡುತ್ತಿತ್ತು.

"ಅಣ್ಣಾ, ಆ ಚಪ್ಪಲಿ ಬೇಕಿತ್ತು."

ಅವನು ಟ್ಯೂಬು ಬಿಟ್ಟು ತಲೆಯೆತ್ತಿದ. "ಅದು ದೃಷ್ಟಿಗೆ ಕಟ್ಟಿರೋದಲ್ವೇನಮ್ಮ?"

"ಗೊತ್ತು. ನಮ್ಮ ಮಿಷನ್ನಿಗೆ ಬೇಕು."

"ಓಹೋಹೋ!" ಅವನ ಮುಖ ಅರಳಿತು. "ಇದೆಲ್ಲ ಸುಳ್ಳು ಅಂತ ಅವತ್ತು ಇಲ್ಲೇ ನಿಂತು ಭಾಷಣ ಹೊಡೆದ್ಯಲ್ಲ. ಈಗ ಬುದ್ಧಿ ಬಂತಾ? ಆದ್ರೂ ಕೊಡಕ್ಕಾಗಲ್ಲ. ಕಟ್ಟಿರೋದನ್ನ ಬಿಚ್ಚಿದ್ರೆ ಅಂಗಡಿಗೆ ಕೇಡು."

ಸತ್ಯ ಹೇಳಿದರೆ ಸುಟ್ಟ ಚಾಕುವಿನ ಕಥೆ ನಾಲ್ಕು ಗಂಟೆಗೆ ಮುಂಚೆಯೇ ಬೀದಿಯೆಲ್ಲ ಸುತ್ತಿ ಬರುತ್ತಿತ್ತು. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿ ಪರವೋ ವಿರೋಧವೋ ಎಂದು ನಿರ್ಧರಿಸುತ್ತಾರೆ. ಬಂದ ಪಕ್ಷವನ್ನು ವಾದಿಸಬೇಕು. ನನಗೆ ಅಂದು ದೃಷ್ಟಿಯ ಪರ ಬಂದಿತ್ತು.

"ಇದನ್ನ ಕಟ್ಟಿ ಎಷ್ಟು ವರ್ಷ ಆಯ್ತಣ್ಣ?"

"ಆಯ್ತು, ಐದಾರು."

"ಐದಾರು ವರ್ಷದಿಂದ ಬೀದೀಲಿ ಹೋಗೋರ ಕಣ್ಣನ್ನೆಲ್ಲ ಇದೊಂದೇ ಎಳ್ಕೊಂಡಿದೆ. ತುಂಬಿ ಹೋಗಿರಲ್ವಾ? ತುಂಬಿದ ಮೇಲೆ ಅದು ಎಳೆಯಲ್ಲ, ಬರೀ ನೇತಾಡ್ತಿರುತ್ತೆ. ನಿನ್ನ ಟ್ಯೂಬೇ ಐದು ವರ್ಷ ಬರಲ್ಲ, ಚಪ್ಪಲಿ ಬರುತ್ತಾ?"

ಅತ್ತೆ ಬೆಲ್ಟಿನ ಬಗ್ಗೆ ಆಗಷ್ಟೇ ಹೇಳಿದ್ದನ್ನು ಹಾಗೇ ಎತ್ತಿ ಅವನ ಚಪ್ಪಲಿಗೆ ಹಾಕಿದ್ದೆ. ಅವನು ಮೇಲೆ ನೋಡಿ ಗಲ್ಲ ಕೆರೆದುಕೊಂಡ. "ಅದೂ ನಿಜವೇ. ಈ ನಡುವೆ ವ್ಯಾಪಾರ ಡಲ್ಲು."

"ಹೊಸದು ಕಟ್ಟು" ಎಂದು ನನ್ನ ಬಲಗಾಲಿನ ಚಪ್ಪಲಿ ಬಿಚ್ಚಿ ಮುಂದೆ ಹಿಡಿದೆ. ಕೊಂಡು ಒಂದು ವಾರವಾಗಿತ್ತು, ಮೇಲೆ ಒಂದು ಹಳದಿ ಹೂವಿತ್ತು.

ಒಂದು ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಅವನ ಹಳೇ ಹವಾಯಿ ಹಿಡಿದು ರಸ್ತೆ ದಾಟಿದೆ. ಮಿಷನ್ನು ಹಾಕಿ ಬೆಲ್ಟಿಗೆ ಹಿಡಿದೆ. "ಮೆತ್ತಗೆ! ಮುಟ್ಟಿಸ್ಬೇಕು, ತಿನ್ನಿಸ್ಬಾರ್ದು" ಎಂದು ಅತ್ತೆ ಬಾಗಿಲಿಂದ ಕೂಗಿದಳು. ಸುಟ್ಟ ರಬ್ಬರಿನ ವಾಸನೆಯೆದ್ದಿತು. ಕರೀ ಶಾವಿಗೆಯಂಥ ಚೂರುಗಳು ಸುರುಳಿ ಸುತ್ತಿಕೊಂಡು ಉದುರತೊಡಗಿದವು, ಅವುಗಳ ಹಿಂದೆಯೇ ಬೆಲ್ಟಿನ ಕಂದು ಬಣ್ಣ ಬೆಳಗಾದಂತೆ ಹೊರಬಂತು. ನಾನು ಕಳಪೆಯೆಂದು ಚೀಲಕ್ಕೆ ತುಂಬಿದ್ದ ಮೂರು ಬೆಲ್ಟುಗಳೂ ಹಾಗೇ ಎದ್ದು ಕೂತವು. ಆರು ಅಂಶಗಳ ಖಂಡನಾ ಪತ್ರವನ್ನು ಮಡಿಸಿ ಸ್ಟೂಲಿನ ಗಿಡ್ಡ ಕಾಲಿನ ಅಡಿಗೆ ಇಟ್ಟೆ.

ಹದಿಮೂರು ಚಾಕು ಬೇಗ ಮುಗಿದವು. ಹದಿನಾಲ್ಕನೆಯದನ್ನು ಅತ್ತೆ ಹೇಳಿದಂತೆ ಮಾಡಿದೆ. ಒಂದು ಸಲ ಬೆಲ್ಟಿಗೆ, ಒಂದು ಸಲ ನೀರಿಗೆ, ಮತ್ತೆ ಬೆಲ್ಟಿಗೆ. ನೀಲಿ ಪೂರ್ತಿ ಹೋಗುವ ಹೊತ್ತಿಗೆ ಚಾಕು ಇನ್ನೂ ಅರ್ಧ ಉಗುರಿನಷ್ಟು ಸವೆದು ಸಣ್ಣಗಾಗಿತ್ತು. ಅಡುಗೆಯಣ್ಣನ ಕಣ್ಣು ತಪ್ಪಿಸಲು ಸಾಧ್ಯವಿರಲಿಲ್ಲ.

"ನಾನೇ ಹಿಡಿದೆ, ಕಣ್ಣು ಮಬ್ಬಾಗಿತ್ತು ಅಂತೀನಿ. ನೀನು ಸುಮ್ನಿರು" ಎಂದಳು ಅತ್ತೆ ಮೆಲ್ಲಗೆ. ಆಪರೇಷನ್ ಆದ ಕಣ್ಣಿನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ, ಒಳ್ಳೆಯ ವಾದವೇ. ಆದರೆ ಒಂದು ಚಾಕುವನ್ನೂ ಸುಡದ ಅವಳ ಕೈಯ ಮೇಲೆ ಸುಟ್ಟ ಚಾಕುವಿನ ಅಪವಾದ ಕೂರಬೇಕಾಗುತ್ತಿತ್ತು.

ನಾಲ್ಕು ಗಂಟೆಗೆ ಅಡುಗೆಯಣ್ಣ ಬಂದು ಒಂದೊಂದೇ ಚಾಕು ಎತ್ತಿ ನೋಡುತ್ತ ಕೊನೆಯದಕ್ಕೆ ಬಂದ. ತಿರುಗಿಸಿದ. ಹುಬ್ಬು ಗಂಟಿಕ್ಕಿತು. ಎದುರು ಅಂಗಡಿಯಲ್ಲಿ ಗಾಳಿ ಹೊಡೆಯುವ ಸದ್ದು ನಿಂತಿತು.

"ಇದ್ಯಾಕೋ ಸಣ್ಣಗಾದಂಗೈತೆ?"

ಅತ್ತೆ ಬಾಯಿ ತೆರೆಯುವ ಮೊದಲೇ ಹೇಳಿದೆ. "ನಾನು ಸುಟ್ಟೆ ಅಣ್ಣ. ಅತ್ತೆ ಅಲ್ಲ. ಬೆಲ್ಟು ಕೊಳೆಯಾಗಿತ್ತು, ಒರೆಸಿರಲಿಲ್ಲ. ಸುಟ್ಟಷ್ಟು ತೆಗೆದು ಮತ್ತೆ ಹಿಡಿದಿದ್ದೀನಿ." ಜೀವನದಲ್ಲಿ ನಾನು ಮಾಡಿದ ಅತಿ ಚಿಕ್ಕ ಭಾಷಣ ಅದು.

"ನಾನು ಹೇಳಿರ್ಲಿಲ್ವಾ?" ಎಂದು ರಸ್ತೆಯಾಚೆಯಿಂದ ಕೂಗು ಬಂತು. "ಹೆಂಗಸಿನ ಕೈಗೆ ಒಗ್ಗಲ್ಲ ಅಂತ ಅವತ್ತೇ ಹೇಳಿದ್ದೆ!"

ಅಡುಗೆಯಣ್ಣ ತಿರುಗಲೂ ಇಲ್ಲ. "ಅಕ್ಕ, ಒಂದು ಟೊಮೇಟೊ ಕೊಡು" ಎಂದ. ಹಣ್ಣಾದ ಟೊಮೇಟೊವನ್ನು ಅಂಗೈಯಲ್ಲಿ ಇಟ್ಟುಕೊಂಡು ಒತ್ತದೆ ಎಳೆದ. ಸಿಪ್ಪೆಯ ಮೇಲೆ ಚಾಕು ಜಾರಲಿಲ್ಲ. ತೆಳ್ಳಗಿನ ಹೋಳೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಅದರೊಳಗಿಂದ ಪ್ರಾಯಶಃ ಎದುರಿನ ಅಂಗಡಿ ಕಂಡಿರಬೇಕು, ಆಗ ತಿರುಗಿದ.

"ಏನ್ಲಾ, ಹೋದ ತಿಂಗಳು ನನ್ನ ಮೊಪೆಡ್ಡಿಗೆ ನೀನು ಹಾಕಿದ ಪಂಚರು ಹಗರೆ ಮುಟ್ಟೋದ್ರೊಳಗೆ ಬಿಟ್ಕೊಂತು. ಅದು ಯಾವ ಹೆಂಗಸಿನ ಕೈಲಾ?"

ಎದುರಿನಿಂದ ಗಾಳಿ ಹೊಡೆಯುವ ಸದ್ದು ಜೋರಾಗಿ ಶುರುವಾಯಿತು.

"ನಮ್ಮಲ್ಲೂ ಹೊಸಬ್ರು ಮೊದಲ್ನೇ ಸಲ ಒಗ್ಗರಣೆ ಸೀಸ್ತಾರೆ ಕಣವ್ವ" ಎಂದ ನನಗೆ. "ಸೀಸಿದ್ದನ್ನ ಸಾಂಬಾರಿಗೆ ಸುರಿದು ಮುಚ್ಚಿಟ್ರೆ ಮಾತ್ರ ಮನೆಗೆ ಕಳ್ಸ್ತೀನಿ." ಚಾಕುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಅತ್ತೆಗೆ ಹೇಳಿದ, "ಮುಂದಿನ ತಿಂಗಳು ಮಾಲೇಕಲ್ಲಲ್ಲಿ ಒಂದು ಮದುವೆ ಐತೆ. ಈಳಿಗೆಮಣೆನೂ ತತ್ತೀನಿ." ಅತ್ತೆ ಟವೆಲಿನಿಂದ ಕಣ್ಣಿನ ಕೆಳಗೆ ಒರೆಸಿಕೊಂಡಳು. ಡ್ರಾಪ್ಸು ಎಂದಳು.

ಈಗಲೂ ಬೇಲೂರಿಗೆ ಹೋದಾಗ ನನ್ನ ಬಲಗಾಲಿನ ಚಪ್ಪಲಿ ಹಳದಿ ಹೂವಿನ ಸಮೇತ ಆ ಬಾಗಿಲ ಮೇಲೆ ನೇತಾಡುವುದು ಕಾಣುತ್ತದೆ. "ನೀನು ಹೇಳಿದ್ದು ನಿಜ ಕಣಮ್ಮ, ಹೊಸದು ಕಟ್ಟಿದ ಮೇಲೆ ಗಿರಾಕಿ ಜಾಸ್ತಿ" ಎನ್ನುತ್ತಾನೆ ಅವನು. ಖಂಡಿಸಲು ಬಾಯಿ ತೆರೆದರೆ, ಆ ವಾದ ನನ್ನದೇ.

ಮೊನ್ನೆ ಬೆಳಿಗ್ಗೆ ಬೆಲ್ಟು ಒರೆಸುವಾಗ ಅತ್ತೆಯನ್ನು ಕೇಳಿದೆ, ಮೂರೇ ಸಲ ಯಾಕೆ ಎಂದು.

"ನಾಲ್ಕನೇ ಸಲಕ್ಕೆ ಏನೂ ಉದುರಲ್ಲ. ಬೇಕಾದ್ರೆ ಎಣಿಸಿ ನೋಡು."

ಎಣಿಸಿ ನೋಡಿದೆ. ನಾಲ್ಕನೆಯ ಸಲಕ್ಕೂ ಒಂದಿಷ್ಟು ಕಪ್ಪು ಉದುರಿತು. ಹೇಳಲೋ ಬೇಡವೋ ಎಂದು ಒಂದು ನಿಮಿಷ ಯೋಚಿಸಿ, ಹೇಳಿಯೇಬಿಟ್ಟೆ.

"ಹಂಗಾದ್ರೆ ಮೊದಲ್ನೇ ಮೂರು ಸಲ ನೀನು ಸರಿಯಾಗಿ ಹಿಡಿದಿಲ್ಲ" ಎಂದಳು ಅತ್ತೆ.